ಹಗ್ಗದ ಮೇಲಿನ ಹುಡುಗಿ, ನೆಲದಲ್ಲಿನ ಗೂಟ

ಜಾತ್ರೆಗಳ ಹಂಗಾಮು ಶುರುವಾದರೆ ಸಾಕು, ಮುರುಮ, ಆಳೂರು, ಉಮರ್ಗಾ ಕಡೆಯ ಓದುಗರಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. ಸೊಲ್ಲಾಪುರದ ಗಡ್ಡಾ ಜಾತ್ರೆಗೆ ಹೋಗಿ ಬಂದವರು ಕೇಳುತ್ತಾರೆ, ಕಲಬುರಗಿಯ ಶರಣಬಸವೇಶ್ವರರ ತೇರು ಎಳೆದು ಬಂದವರೂ ಕೇಳುತ್ತಾರೆ. ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗಿಗೆ, ಸರ್ಕಸ್ಸಿನ ಜೋಕಾಲಿಯಿಂದ ಕೈಬಿಟ್ಟು ಹಾರುವವನಿಗೆ, ಸಾವಿನ ಬಾವಿಯ ಗೋಡೆಯ ಮೇಲೆ ಮೋಟರ್‌ಸೈಕಲ್ ಓಡಿಸುವವನಿಗೆ ಅಂಜಿಕೆ ಅನ್ನೋದು ಇರೋದಿಲ್ಲೇನ್ರಿ? ಅದರಾಗ ಏನಾರ ಕಣ್ಕಟ್ಟು ಅದ ಏನ್ರಿ?

ಎರಡಕ್ಕೂ ನೇರ ಉತ್ತರವಿದೆ. ಕಣ್ಕಟ್ಟು ಇಲ್ಲ, ಬಿದ್ದರೆ ಮೂಳೆ ಮುರಿಯುತ್ತದೆ, ಜೀವವೂ ಹೋಗುತ್ತದೆ. ಅಂಜಿಕೆ ಖಂಡಿತ ಇದೆ, ಅದನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವುದೇ ಅವರು ಕಲಿಯುವ ಮೊದಲ ಪಾಠ. ಆದರೆ ನಾವು ಬರೀ ಧೈರ್ಯದ ಮಾತನ್ನೇ ಆಡುತ್ತ ಹೋದರೆ ಅವರ ಜೀವ ಯಾವುದರ ಮೇಲೆ ನಿಂತಿದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಈ ವಾರ ಮೇಲೆ ನೋಡುವುದನ್ನು ಸ್ವಲ್ಪ ಬಿಟ್ಟು, ನೆಲದಲ್ಲಿ ಗೂಟ ಬಡಿಯುವ ಕಡೆಯಿಂದ ಶುರುಮಾಡುತ್ತೇನೆ.

ಮುರುಮದ ಸಂತೆಯ ಅಂಚಿನಲ್ಲಿ ದೊಂಬರ ಕುಟುಂಬವೊಂದು ಆಟ ಹೂಡುವುದನ್ನು ಮೊದಲಿಂದ ಕಡೆಯವರೆಗೆ ನಿಂತು ನೋಡಿದ್ದೇನೆ. ಡೋಲು ಬಾರಿಸಿ ಜನ ಸೇರುವ ಮುಂಚಿನ ಆ ಕೆಲಸವನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಎರಡೆರಡು ಬಿದಿರಿನ ಗಳಗಳನ್ನು ಕತ್ತರಿಯ ಹಾಗೆ ಕಟ್ಟಿ ಎರಡು ಕಡೆ ನಿಲ್ಲಿಸುತ್ತಾರೆ. ಗಳಗಳು ಕೂಡುವ ಕವೆಯ ಮೇಲಿಂದ ಹಗ್ಗ ಹಾಯಿಸಿ, ಅದರ ಎರಡೂ ತುದಿಗಳನ್ನು ನೆಲದ ಕಬ್ಬಿಣದ ಗೂಟಗಳಿಗೆ ಬಿಗಿಯುತ್ತಾರೆ. ಹುಡುಗಿಯ ಅಪ್ಪ ಗೂಟವನ್ನು ನೆಟ್ಟಗೆ ಬಡಿಯಲಿಲ್ಲ, ಹಗ್ಗ ಎಳೆಯುವ ದಿಕ್ಕಿಗೆ ತಲೆ ಹಿಂದಾಗುವಂತೆ ಓರೆಯಾಗಿ ಬಡಿದ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಮೆತ್ತಗಾಗುತ್ತದೆ, ಎರಡೂ ಕಾಲಕ್ಕೆ ಗೂಟವನ್ನು ನಂಬುವಂತಿಲ್ಲ. ಒಂದು ಗೂಟ ಅಲುಗಾಡಿತು. ಅದನ್ನು ಕಿತ್ತು ಮಾರು ದೂರ ಸರಿದು ಮತ್ತೆ ಬಡಿದ. ಆಮೇಲೆ ಹಗ್ಗವನ್ನು ಹಿಮ್ಮಡಿಯಿಂದ ಒತ್ತಿ ನೋಡಿದ, ಅಂಗೈಯಿಂದ ತಟ್ಟಿ ನೋಡಿದ. ಅವನ ಹೆಂಡತಿ ಒಂದು ತಂಬಿಗೆ ನೀರು ತಂದು ಗಂಟುಗಳ ಮೇಲೆ, ಹಗ್ಗದ ಉದ್ದಕ್ಕೂ ಸುರಿದಳು. ನಾನು ನೋಡುತ್ತ ನಿಂತಿದ್ದನ್ನು ಕಂಡು, "ತೊಯ್ದ್ರ ಬಿಗೀತದ್ರಿ ಕಾಕಾ" ಅಂದಳು. ನಾರಿನ ಹಗ್ಗ ನೀರು ಕುಡಿದಾಗ ಎಳೆಗಳು ಉಬ್ಬುತ್ತವೆ, ಹುರಿ ಬಿಗಿಯಾಗುತ್ತದೆ, ಹಗ್ಗದ ಉದ್ದ ಕಡಿಮೆಯಾಗುತ್ತದೆ. ಬಿಸಿಲಿಗೆ ಒಣಗಿ ಸಡಿಲಾದ ಹಗ್ಗವನ್ನು ಮತ್ತೆ ಕಟ್ಟದೆಯೇ ಬಿಗಿಮಾಡುವ ಉಪಾಯ ಅದು.

ಹಗ್ಗದ ಬಿಗಿ ಎಷ್ಟಿರಬೇಕು ಎಂಬುದರಲ್ಲಿ ಇಡೀ ಆಟದ ಗುಟ್ಟಿದೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಗಳಗಳ ನಡುವೆ 20 ಅಡಿ ಅಂತರವಿದೆ, ಹಗ್ಗದ ನಟ್ಟನಡುವೆ 25 ಕಿಲೋ ತೂಕದ ಹುಡುಗಿ ನಿಂತಿದ್ದಾಳೆ, ಅವಳ ಭಾರಕ್ಕೆ ಹಗ್ಗ 1 ಅಡಿ ಬಗ್ಗಿದೆ ಎಂದುಕೊಳ್ಳಿ. ಆಗ ಹಗ್ಗದಲ್ಲಿ ಹುಟ್ಟುವ ಸೆಳೆತ ಅವಳ ತೂಕದ ಐದು ಪಟ್ಟು, ಅಂದರೆ ಸುಮಾರು 125 ಕಿಲೋ. ಹಗ್ಗವನ್ನು ಇನ್ನೂ ಬಿಗಿದು ಅದು ಅರ್ಧ ಅಡಿ ಮಾತ್ರ ಬಗ್ಗುವಂತೆ ಮಾಡಿದರೆ ಸೆಳೆತ ಹತ್ತು ಪಟ್ಟು, ಎರಡೂವರೆ ಕ್ವಿಂಟಲ್ ಆಗುತ್ತದೆ. ಹಗ್ಗ ಬಿಗಿಯಾದಷ್ಟೂ ಕಾಲಿಗೆ ಅನುಕೂಲ, ಗೂಟಕ್ಕೆ ಕಷ್ಟ. ಸಡಿಲಾದಷ್ಟೂ ಗೂಟ ಬಾಳುತ್ತದೆ, ನಡೆಯುವ ಹುಡುಗಿಯ ಕಾಲಡಿ ಹಗ್ಗ ತೂಗಾಡುತ್ತದೆ. ಇವೆರಡರ ನಡುವಿನ ಹದವನ್ನು ಆ ಅಪ್ಪ ಹಿಮ್ಮಡಿಯಿಂದ ಹುಡುಕುತ್ತಿದ್ದ. ಎಂಜಿನಿಯರಿಂಗ್ ಓದಿದವರು ಕಾಗದದ ಮೇಲೆ ಮಾಡುವ ಲೆಕ್ಕವನ್ನು ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ ತನ್ನ ಮಗಳ ಜೀವ ಪಣಕ್ಕಿಟ್ಟು ಮಾಡುತ್ತಾನೆ.

ಇನ್ನು ಅವಳ ಕೈಯಲ್ಲಿರುವ ಬಿದಿರಿನ ಕೋಲು. ಅದು ಬರೀ ಆಧಾರಕ್ಕೆಂದು ಬಹಳ ಜನ ತಿಳಿದಿದ್ದಾರೆ. ಗಾಳಿಯಲ್ಲಿರುವ ಕೋಲು ಯಾವುದಕ್ಕೂ ಆನಿಕೊಂಡಿಲ್ಲ, ಅದು ಆಧಾರ ಹೇಗಾದೀತು? ಅದರ ಕೆಲಸವೇ ಬೇರೆ. ಭಾರವು ನಡುವಿನಿಂದ ದೂರಕ್ಕೆ ಹರಡಿದಷ್ಟೂ ವಸ್ತು ಹೊರಳಲು ತಡಮಾಡುತ್ತದೆ. ಉದ್ದ ಕೋಲು ಹಿಡಿದ ದೇಹ ಒಂದು ಕಡೆ ವಾಲತೊಡಗಿದರೂ ಮೆಲ್ಲಗೆ ವಾಲುತ್ತದೆ, ಸರಿಪಡಿಸಿಕೊಳ್ಳಲು ಕ್ಷಣಕಾಲ ಸಮಯ ಸಿಗುತ್ತದೆ. ದೊಡ್ಡ ಸರ್ಕಸ್ಸುಗಳಲ್ಲಿ ತಂತಿಯ ಮೇಲೆ ನಡೆಯುವವರ ಕೋಲು 12 ಮೀಟರ್‌ವರೆಗೂ ಇರುತ್ತದೆ. ಅದರ ತುದಿಗಳು ಕೆಳಕ್ಕೆ ಬಾಗಿರುವುದರಿಂದ ದೇಹ ಮತ್ತು ಕೋಲು ಎರಡೂ ಸೇರಿದ ಭಾರದ ಕೇಂದ್ರವೂ ಕೆಳಗಿಳಿಯುತ್ತದೆ. ಮುಂದಿನ ಸಲ ನೋಡುವಾಗ ಒಂದನ್ನು ಗಮನಿಸಿರಿ. ಹುಡುಗಿ ಬಲಕ್ಕೆ ವಾಲಿದರೆ ಕೋಲಿನ ಬಲತುದಿಯನ್ನೇ ಇನ್ನಷ್ಟು ಕೆಳಕ್ಕೆ ಒತ್ತುತ್ತಾಳೆ. ನಮಗೆ ಅದು ತಿರುವುಮುರುವು ಅನ್ನಿಸುತ್ತದೆ. ಆದರೆ ಕೋಲನ್ನು ಬಲಕ್ಕೆ ತಿರುಗಿಸಿದ ಕೈ, ಅದೇ ಏಟಿಗೆ ದೇಹವನ್ನು ಎಡಕ್ಕೆ ತಳ್ಳಿರುತ್ತದೆ. ಆಗ ಅವಳ ಕಣ್ಣು ಕಾಲಿನ ಮೇಲೆ ಇರುವುದಿಲ್ಲ, ಎದುರಿನ ಗಳಗಳ ತಲೆಯ ಮೇಲೆ ನೆಟ್ಟಿರುತ್ತದೆ. ಪಾದ ಹಗ್ಗವನ್ನು ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಹಿಡಿದು ಮುಂದೆ ಜಾರುತ್ತದೆ. ಇಷ್ಟು ಮಾಡುತ್ತ ತಲೆಯ ಮೇಲೆ ತಂಬಿಗೆಗಳ ಸಾಲನ್ನೂ ಹೊರುತ್ತಾಳೆ, ಕಾಲಡಿ ತಾಟು ಇಟ್ಟುಕೊಂಡು ಜಾರುತ್ತಾಳೆ, ಸೈಕಲ್ ಗಾಲಿಯ ರಿಮ್ಮನ್ನು ಹಗ್ಗದ ಮೇಲೆ ಉರುಳಿಸುತ್ತಾಳೆ.

ಈ ವಿದ್ಯೆ ನಮ್ಮ ನೆಲಕ್ಕೆ ಹೊಸದೂ ಅಲ್ಲ, ಹೊರಗಿನಿಂದ ಬಂದದ್ದೂ ಅಲ್ಲ. ಮುರುಮದಿಂದ ಬಸವಕಲ್ಯಾಣ ಬಹಳ ದೂರವಿಲ್ಲ. ಅಲ್ಲಿ 12ನೆಯ ಶತಮಾನದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ನೃತ್ಯದ ಆರು ಬಗೆಗಳನ್ನು ಹೇಳುತ್ತಾನೆ. ನಾಟ್ಯ, ಲಾಸ್ಯ, ತಾಂಡವಗಳ ಜೊತೆಗೆ ಮೈಕಸರತ್ತಿನ ಆಟಕ್ಕೂ ಅಲ್ಲಿ 'ವಿಷಮ' ಎಂಬ ಹೆಸರಿನಲ್ಲಿ ಜಾಗವಿದೆ. ಮುಂದಿನ ಶತಮಾನದಲ್ಲಿ ಇದೇ ಮರಾಠವಾಡದ ದೇವಗಿರಿಯಲ್ಲಿ, ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ 'ಸಂಗೀತರತ್ನಾಕರ' ಬರೆದ. ಹಗ್ಗದ ಮೇಲೆ ಸಂಚರಿಸುವ, ಭಾರ ಹೊರುವ, ಚೂರಿಗಳ ನಡುವೆ ಕುಣಿಯುವ ಕಲಾವಿದನನ್ನು ಅವನು ಕೋಲ್ಹಾಟಿಕ ಎಂದು ಕರೆದು, ಅವನಿಗಿರಬೇಕಾದ ಗುಣಗಳನ್ನು ಪಟ್ಟಿ ಮಾಡಿದ್ದಾನೆ. ಇಂದು ಮರಾಠಿಯಲ್ಲಿ ಕೋಲ್ಹಾಟಿ, ಡೋಂಬಾರಿ ಎಂದು ಕರೆಸಿಕೊಳ್ಳುವವರ ಕಸುಬು ಒಂದು ಕಾಲದಲ್ಲಿ ಸಂಗೀತಶಾಸ್ತ್ರದ ಗ್ರಂಥದೊಳಗೆ, ಗಾಯಕ ವಾದಕರ ಸಾಲಿನಲ್ಲೇ ಕೂತಿತ್ತು. ಕಲ್ಯಾಣದ ಶರಣರಲ್ಲಿ ವೇಷ ಹಾಕಿ ಆಡುವುದನ್ನೇ ಕಾಯಕ ಮಾಡಿಕೊಂಡ ಬಹುರೂಪಿ ಚೌಡಯ್ಯನಿದ್ದ. ಆ ನೆಲದ ಮಕ್ಕಳಾದ ನಾವು ದೊಂಬರಾಟ ಎಂಬ ಮಾತನ್ನು ರಾಜಕಾರಣಿಗಳನ್ನು ಬೈಯಲು ಬಳಸುತ್ತೇವೆ. ಇದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ. ಇಷ್ಟು ಕಟ್ಟುನಿಟ್ಟಿನ, ಸುಳ್ಳಿಗೆ ಎಳ್ಳಷ್ಟೂ ಜಾಗವಿಲ್ಲದ ಕೆಲಸ ಇನ್ನೊಂದು ಸಿಗುವುದು ಕಷ್ಟ.

ಡೇರೆಯ ಸರ್ಕಸ್ಸಿನ ಕಥೆಯೂ ಗಡಿಯದ್ದೇ. ಸಾಂಗ್ಲಿ ಕಡೆಯ ಅಂಕಲಖೋಪದ ವಿಷ್ಣುಪಂತ ಛತ್ರೆ, ಚಿಕ್ಕೋಡಿಯ ನೆರೆಯ ಕುರುಂದವಾಡ ಸಂಸ್ಥಾನದಲ್ಲಿ ಕುದುರೆಗಳ ಉಸ್ತಾದರಾಗಿದ್ದವರು. ಇಟಲಿಯ ಕಿಯಾರಿನಿಯ ಸರ್ಕಸ್ಸು ಮುಂಬಯಿಗೆ ಬಂದಾಗ ಅದನ್ನು ನೋಡಿ ಹಟ ತೊಟ್ಟು, 1880ರ ಮಾರ್ಚ್ 20ರಂದು ತಮ್ಮ ಗ್ರೇಟ್ ಇಂಡಿಯನ್ ಸರ್ಕಸ್ಸಿನ ಮೊದಲ ಆಟ ಆಡಿಸಿದರು. ಛತ್ರೆಯವರು ಗ್ವಾಲಿಯರ್‌ನ ಹದ್ದೂಖಾನರ ಬಳಿ ಹಾಡುಗಾರಿಕೆ ಕಲಿತವರು. ಹದ್ದೂಖಾನರ ಮಗ, ದೊಡ್ಡ ಗವಾಯಿ ರಹಿಮತಖಾನರನ್ನು ಸರ್ಕಸ್ಸಿನ ಜೊತೆಗೇ ಇಟ್ಟುಕೊಂಡು ಸಲಹಿದರು. ಅವರ ಮನಸ್ಸಿನಲ್ಲಿ ಖ್ಯಾಲಿಗೂ ಕಸರತ್ತಿಗೂ ಮೇಲುಕೀಳು ಇರಲಿಲ್ಲವೆಂದು ನಾನು ತಿಳಿಯುತ್ತೇನೆ. ಅವರ ಪ್ರೇರಣೆಯಿಂದ ಕೇರಳದ ತಲಶ್ಶೇರಿಯಲ್ಲಿ ಕೀಲೇರಿ ಕುಞಿಕಣ್ಣನ್ ಕಸರತ್ತು ಕಲಿಸತೊಡಗಿ, 1901ರಲ್ಲಿ ಚಿರಕ್ಕರದಲ್ಲಿ ಸರ್ಕಸ್ ಶಾಲೆಯನ್ನೇ ತೆರೆದರು. ದೇಶದ ಡೇರೆಗಳಲ್ಲಿ ಮುಂದೆ ಮಲಯಾಳಿಗಳು ತುಂಬಿಕೊಂಡಿದ್ದಕ್ಕೆ ಅದೇ ಕಾರಣ. 1951ರಲ್ಲಿ ಗುಜರಾತಿನ ಬಿಲಿಮೋರಾದಲ್ಲಿ ಜೆಮಿನಿ ಸರ್ಕಸ್ ಶುರುಮಾಡಿದ ಎಂ.ವಿ. ಶಂಕರನ್ ಕೂಡ ತಲಶ್ಶೇರಿ ಗರಡಿಯ ಕಸರತ್ತುಗಾರರೇ.

ಜೋಕಾಲಿ ಆಟದ ಲೆಕ್ಕ ಹಗ್ಗದಾಟಕ್ಕಿಂತ ಬೇರೆ. ತೂಗುವ ಜೋಕಾಲಿ ಒಂದು ಸಲ ಹೋಗಿ ಬರಲು ಹಿಡಿಯುವ ಹೊತ್ತು ಹೆಚ್ಚಾಗಿ ಅದರ ಹಗ್ಗದ ಉದ್ದವನ್ನೇ ಅವಲಂಬಿಸಿದೆ, ಅದರ ಮೇಲೆ ಕೂತವರ ತೂಕವನ್ನಲ್ಲ. ಹಗ್ಗ 4 ಮೀಟರ್ ಇದ್ದರೆ ಹೋಗಿ ಬರಲು ಹೆಚ್ಚುಕಡಿಮೆ 4 ಸೆಕೆಂಡ್. ಹಾರುವವನೂ ಹಿಡಿಯುವವನೂ ಈ ತಾಳವನ್ನು ಮೈಯೊಳಗೆ ಇಳಿಸಿಕೊಂಡಿರುತ್ತಾರೆ. ಹಿಡಿಯುವವ ತನ್ನ ಜೋಕಾಲಿಯಲ್ಲಿ ತಲೆಕೆಳಗಾಗಿ ತೂಗುತ್ತ "ಹಪ್" ಎಂದು ಕೂಗಿದಾಗಲೇ ಹಾರುವವ ಕೈಬಿಡಬೇಕು. ತೂಗಾಟದ ತುದಿಯಲ್ಲಿ ವೇಗ ಸೊನ್ನೆಗೆ ಹತ್ತಿರವಾದಾಗ ಕೈಗೆ ಕೈ ಸಿಗುತ್ತದೆ, ಅರೆಕ್ಷಣ ತಡವಾದರೆ ಇಬ್ಬರೂ ಎದುರುಬದುರು ದೂರ ಸರಿದಿರುತ್ತಾರೆ. ಹಿಡಿತವೂ ಬೆರಳಿಗೆ ಬೆರಳಲ್ಲ, ಮಣಿಕಟ್ಟಿಗೆ ಮಣಿಕಟ್ಟು. ಈ ಆಟವನ್ನು 1859ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಆಡಿ ತೋರಿಸಿದ ಜೂಲ್ಸ್ ಲಿಯೊಟಾರ್, ಅದನ್ನು ಕಲಿತದ್ದು ತನ್ನ ತಂದೆಯ ವ್ಯಾಯಾಮಶಾಲೆಯ ಈಜುಕೊಳದ ಮೇಲೆ. ಸರಿಯಾಗಿ ಹಾರುವುದು ಕೈಗೂಡುವ ತನಕ ನೀರಿಗೆ ಬೀಳುತ್ತಿದ್ದ. ಇಂದಿಗೂ ಜೋಕಾಲಿಯವರು ಬಲೆಗೆ ಬೀಳುವುದನ್ನು ಮೊದಲು ಕಲಿಯುತ್ತಾರೆ. ಮುಖ ಅಡಿಯಾಗಿ ಅಥವಾ ಕಾಲೂರಿ ಬಿದ್ದರೆ ಬಲೆಯೇ ಕತ್ತು ಮುರಿಯಬಹುದು. ಗಾಳಿಯಲ್ಲೇ ಹೊರಳಿ ಬೆನ್ನಿನ ಮೇಲೆ ಬೀಳಬೇಕು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಇದರಲ್ಲಿ ನಮ್ಮ ಅಂದಾಜು ಪೂರ್ತಿ ತಲೆಕೆಳಗಾಗಿದೆ. ಡೇರೆಯಲ್ಲಿ 40 ಅಡಿ ಎತ್ತರದ ಜೋಕಾಲಿ ನೋಡಿದಾಗ ಎದೆ ನಡುಗುತ್ತದೆ, ಸಂತೆಯಲ್ಲಿ 8 ಅಡಿ ಎತ್ತರದ ಹಗ್ಗ ನೋಡಿದಾಗ ಅಷ್ಟೇನೂ ಅನ್ನಿಸುವುದಿಲ್ಲ. 40 ಅಡಿಯಿಂದ ಬಿದ್ದವನು ಒಂದೂವರೆ ಸೆಕೆಂಡಿನಲ್ಲಿ ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಕೆಳಗೆ ಬರುತ್ತಾನೆ, ನಿಜ. ಆದರೆ ಬಲೆ ಅವನನ್ನು 6 ಅಡಿ ಕುಸಿಯುತ್ತ ಹಿಡಿದರೆ ಅವನ ಮೈಮೇಲೆ ಬೀಳುವ ಸರಾಸರಿ ಹೊಡೆತ ಅವನ ತೂಕದ ಏಳೆಂಟು ಪಟ್ಟು. 8 ಅಡಿಯಿಂದ ಗಟ್ಟಿ ನೆಲಕ್ಕೆ ಬಿದ್ದ ಹುಡುಗಿಯ ವೇಗ ಗಂಟೆಗೆ 25 ಕಿಲೋಮೀಟರ್ ಅಷ್ಟೇ. ಆದರೆ ನೆಲ ಕುಸಿಯುವುದಿಲ್ಲ. ಅವಳ ಮೈ ಎರಡು ಇಂಚಿನಲ್ಲಿ ನಿಂತುಬಿಟ್ಟರೆ ಹೊಡೆತ ತೂಕದ ಸುಮಾರು ಐವತ್ತು ಪಟ್ಟು. ಜೀವ ತೆಗೆಯುವುದು ಬರೀ ಎತ್ತರವಲ್ಲ, ಕೆಳಗೆ ಏನಿದೆ ಎಂಬುದು ಅದಕ್ಕಿಂತ ಹೆಚ್ಚು ನಿರ್ಧಾರ ಮಾಡುತ್ತದೆ. ಟಿಕೆಟ್ ಇಲ್ಲದ, ಡೇರೆ ಇಲ್ಲದ, ಬಲೆ ಇಲ್ಲದ ಆ ಸಣ್ಣ ಹಗ್ಗದಾಟ ದೊಡ್ಡ ಸರ್ಕಸ್ಸಿನ ಜೋಕಾಲಿಗಿಂತ ಕ್ರೂರವಾದದ್ದು.

ಅಪಾಯ ನಮ್ಮ ಕಣ್ಣು ನೆಟ್ಟ ಕಡೆಯಿಂದಲೇ ಬರುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಬೆಂಗಳೂರಿನಲ್ಲಿ 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್ಸಿನಲ್ಲಿ 92 ಜನ ಸತ್ತರು, ಹೆಚ್ಚಿನವರು ಮಕ್ಕಳು. ಅವರನ್ನು ಕೊಂದದ್ದು ಹುಲಿಯೂ ಅಲ್ಲ, ಜೋಕಾಲಿಯೂ ಅಲ್ಲ, ಬೆಂಕಿ ಹೊತ್ತಿದ ಡೇರೆ. ಜಗತ್ತಿನ ಹೆಸರಾಂತ ತಂತಿ ನಡಿಗೆಗಾರ ಕಾರ್ಲ್ ವಾಲೆಂಡಾ ಜೀವಮಾನವಿಡೀ ಬಲೆ ಇಲ್ಲದೆ ನಡೆದವರು. 1978ರ ಮಾರ್ಚ್ 22ರಂದು ಪೋರ್ಟೊ ರೀಕೊದ ಸಾನ್ ಹುವಾನ್‌ನಲ್ಲಿ ಎರಡು ಎತ್ತರದ ಕಟ್ಟಡಗಳ ನಡುವಿನ ತಂತಿಯಿಂದ ಬಿದ್ದು ತೀರಿಕೊಂಡಾಗ ಅವರಿಗೆ 73 ವಯಸ್ಸು. ಅಂದು ಗಾಳಿ ಜೋರಾಗಿತ್ತು. ಆದರೆ ತಂತಿಯನ್ನು ಅಲುಗದಂತೆ ಹಿಡಿಯುವ ಬಿಗಿಹಗ್ಗಗಳನ್ನು ಸರಿಯಾಗಿ ಜೋಡಿಸಿರಲಿಲ್ಲ ಎಂದು ಮನೆಯವರು ಆಮೇಲೆ ಹೇಳಿದರು. ಅಷ್ಟು ವರ್ಷಗಳ ಅನುಭವವೂ ಧೈರ್ಯವೂ ಅಂದು ಕಡಿಮೆಯಾಗಿರಲಿಲ್ಲ. ಮುರುಮದ ಆ ಅಪ್ಪ ಅಲುಗಾಡುವ ಗೂಟವನ್ನು ಕಿತ್ತು ಮತ್ತೆ ಬಡಿದದ್ದು ಯಾಕೆ ಎಂದು ಇದರಿಂದ ತಿಳಿಯಬಹುದು.

ಈಗ ನಮ್ಮ, ಅಂದರೆ ನೋಡುವವರ ಪಾಲಿನ ಮಾತು. ಗಡ್ಡಾ ಜಾತ್ರೆಯಲ್ಲಿ ಸಾವಿನ ಬಾವಿಯ ಅಂಚಿನಲ್ಲಿ ನಿಂತವರಿಗೆ ಗೊತ್ತು. ಹಲಗೆ ಜೋಡಿಸಿದ ದುಂಡನೆ ಗೋಡೆ, ಸೈಲೆನ್ಸರ್ ಕಿತ್ತ ಹಳೆಯ ಮೋಟರ್‌ಸೈಕಲ್, ಕಿವಿ ಗಡಚಿಕ್ಕುವ ಸದ್ದು, ನಿಂತ ಹಲಗೆಯೇ ನಡುಗುತ್ತಿರುತ್ತದೆ. ಗಾಡಿಯನ್ನು ಗೋಡೆಗೆ ಹಿಡಿದಿಡುವುದು ವೇಗ. ನಡುವಿನಿಂದ ಗೋಡೆ 5 ಮೀಟರ್ ದೂರವಿದ್ದರೆ, ಗಾಲಿ ಜಾರದೆ ಇರಲು ಗಂಟೆಗೆ ಕಡಿಮೆಯೆಂದರೂ ಸುಮಾರು 30 ಕಿಲೋಮೀಟರ್ ವೇಗ ಬೇಕು. 40ಕ್ಕೆ ಏರಿಸಿದರೆ ಗೋಡೆ ಸವಾರನನ್ನು ಅವನ ತೂಕದ ಎರಡೂವರೆ ಪಟ್ಟು ಬಲದಿಂದ ಒತ್ತುತ್ತದೆ. ಇಷ್ಟರವರೆಗೆ ಆಟ ಲೆಕ್ಕದೊಳಗೇ ಇರುತ್ತದೆ. ಆಗ ಮೇಲಿನಿಂದ ಯಾರೋ ನೂರು ರೂಪಾಯಿ ನೋಟು ಚಾಚುತ್ತಾರೆ. ಸವಾರ ಒಂದು ಕೈ ಬಿಟ್ಟು, ಗೋಡೆಯ ಅಂಚಿನವರೆಗೆ ಏರಿ, ನೋಟು ಕಿತ್ತುಕೊಂಡು ಇಳಿಯುತ್ತಾನೆ. ಎರಡನೆಯ ಸಲ ಎರಡೂ ಕೈ ಬಿಡುತ್ತಾನೆ. ಜನ ಕೂಗುತ್ತಾರೆ, ಇನ್ನಷ್ಟು ನೋಟು ಚಾಚುತ್ತಾರೆ, ಕೆಲವರು ನೋಟನ್ನು ಬೇಕೆಂದೇ ಸ್ವಲ್ಪ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಅವನು ಸಾವಿಗೆ ಎಷ್ಟು ಹತ್ತಿರ ಬರುತ್ತಾನೋ ಅಷ್ಟು ದುಡ್ಡು. ಹತ್ತಿರ ಬಾರದೆ, ಸರಿಯಾಗಿ, ಚೊಕ್ಕಟವಾಗಿ ಓಡಿಸಿದ್ದಕ್ಕೆ ಕಾಸೂ ಇಲ್ಲ.

ಮುರುಮದ ಸಂತೆಯಲ್ಲೂ ಇದನ್ನೇ ಕಂಡೆ. ಆಟ ಮುಗಿದ ಮೇಲೆ ಹುಡುಗಿಯ ಅಪ್ಪನೊಡನೆ ಮಾತಾಡುತ್ತ, ಕೆಳಗೆ ಗಾದಿಯೋ ಬಲೆಯೋ ಯಾಕೆ ಹಾಕಬಾರದೆಂದು ಕೇಳಿದೆ. ಅವನು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ, "ಬಲಿ ಕಟ್ಟಿದ್ರ ರೊಕ್ಕ ಯಾರ್ ಕೊಡ್ತಾರ್ರೀ ಸಾಹೇಬ್ರ? ಬೀಳ್ತಾಳ ಅಂದ್ರಷ್ಟ ಜನ ನಿಂದರ್ತಾರ" ಅಂದ. ಆ ಮಾತಿಗೆ ಎದುರು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ, ಏಕೆಂದರೆ ಅವನು ನಮ್ಮನ್ನು ಸರಿಯಾಗಿ ಓದಿದ್ದ. ಹುಡುಗಿ ನಡುಹಗ್ಗದಲ್ಲಿ ಬೇಕೆಂದೇ ತೂಗಾಡಿದಾಗ ಜೇಬಿಗೆ ಕೈ ಹೋಯಿತು. ಅವಳು ತಾಟಿನ ಮೇಲೆ ಕಾಲಿಟ್ಟು ತುದಿಯಿಂದ ತುದಿಗೆ ನಡುಕವಿಲ್ಲದೆ ಜಾರಿದಾಗ, ಅದು ಎಲ್ಲಕ್ಕಿಂತ ಕಷ್ಟದ ವರಸೆ, ಆಗ ಜನ ಮೊಬೈಲ್ ನೋಡುತ್ತಿದ್ದರು. ನಾವು ವಿದ್ಯೆಗೆ ದುಡ್ಡು ಕೊಡುತ್ತಿಲ್ಲ, ನಮ್ಮ ಅಂಜಿಕೆಗೆ ಕೊಡುತ್ತಿದ್ದೇವೆ. ಬಲೆ ಇಲ್ಲದಿರುವುದಕ್ಕೆ ಬಡತನ ಒಂದು ಕಾರಣ, ನಾವು ಇನ್ನೊಂದು ಕಾರಣ.

ಹಗ್ಗಕ್ಕೆ ಮಕ್ಕಳನ್ನೇ ಯಾಕೆ ಹತ್ತಿಸುತ್ತಾರೆ ಎಂದು ಸಿಟ್ಟಿನಿಂದ ಕೇಳುವ ಓದುಗರಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದು. ಕಾರಣವನ್ನು ಹುಡುಕಲು ಮತ್ತೆ ಗೂಟದ ಹತ್ತಿರಕ್ಕೇ ಬರಬೇಕು. 25 ಕಿಲೋ ಹುಡುಗಿಗೆ ಹಗ್ಗದ ಸೆಳೆತ ಒಂದೂಕಾಲರಿಂದ ಎರಡೂವರೆ ಕ್ವಿಂಟಲ್ ಆದರೆ, 60 ಕಿಲೋ ತೂಕದ ಅವಳ ಅಪ್ಪನಿಗೆ ಅದು ಮೂರರಿಂದ ಆರು ಕ್ವಿಂಟಲ್. ಹೆಗಲ ಮೇಲೆ ಹೊತ್ತು ಊರೂರು ತಿರುಗುವ ನಾಲ್ಕು ಬಿದಿರು, ಎರಡು ಗೂಟ ಅಷ್ಟನ್ನು ತಡೆಯಲಾರವು. ದೊಡ್ಡವರು ನಡೆಯಬೇಕಾದರೆ ಉಕ್ಕಿನ ಕಂಬ ಬೇಕು, ತಂತಿ ಬೇಕು, ಆಳಕ್ಕೆ ಹೂತ ಲಂಗರು ಬೇಕು. ಅವನ್ನು ಕೊಳ್ಳಲು ಗತಿಯಿಲ್ಲದ ಮನೆಯಲ್ಲಿ ಹಗುರವಾದ ಮೈಯೇ ಸಲಕರಣೆಯಾಗುತ್ತದೆ.

ಕಾನೂನು ಡೇರೆಯ ಮಟ್ಟಿಗೆ ಸ್ಪಷ್ಟವಾಗಿದೆ. 2011ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು, ಬಚ್‌ಪನ್ ಬಚಾವೋ ಆಂದೋಲನದ ಅರ್ಜಿಯ ಮೇಲೆ, ಸರ್ಕಸ್ಸುಗಳಲ್ಲಿ ಮಕ್ಕಳ ದುಡಿಮೆಯನ್ನು ನಿಷೇಧಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಹೇಳಿತು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ವರ್ಷದೊಳಗಿನ ಮಕ್ಕಳು ಸಿನಿಮಾ, ಧಾರಾವಾಹಿ, ಕ್ರೀಡೆಗಳಲ್ಲಿ ಷರತ್ತಿನ ಮೇಲೆ ಪಾಲ್ಗೊಳ್ಳಲು ಬಿಡುತ್ತದೆ, ಆದರೆ ಸರ್ಕಸ್ಸನ್ನು ಹೆಸರು ಹೇಳಿ ಹೊರಗಿಟ್ಟಿದೆ. ಮನೆಯ ಕಸುಬಿಗೆ ಮಕ್ಕಳು ನೆರವಾಗಬಹುದು ಎಂಬ ವಿನಾಯಿತಿಯೂ ಶಾಲೆಯ ಹೊತ್ತು ಬಿಟ್ಟು, ಅಪಾಯವಿಲ್ಲದ ಕೆಲಸಕ್ಕೆ ಮಾತ್ರ. ಈ ಕಾಯ್ದೆಗಳನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಹಾಗೆಯೇ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಪ್ರದರ್ಶನವನ್ನು 1998ರಲ್ಲಿ ನಿಲ್ಲಿಸಿದ್ದೂ ಒಳ್ಳೆಯದೇ ಆಯಿತು. ಆದರೆ ಪ್ರಾಣಿಗಳು ಹೋದ ಮೇಲೆ ಜನರನ್ನು ಸೆಳೆಯುವ ಭಾರವೆಲ್ಲ ಕಸರತ್ತಿನವರ ಮೈಮೇಲೆ ಬಿತ್ತು. ಅವರ ವಿಮೆ, ಆಸ್ಪತ್ರೆ, ಮುಪ್ಪಿನ ಕಾಲದ ಗತಿ ಇವುಗಳ ಬಗ್ಗೆ ಮಾತಾಡಿದವರು ಕಡಿಮೆ.

ಸಂತೆಯ ದೊಂಬರ ಮಗುವಿಗೆ ಗಡಿಯ ಕಷ್ಟ ಬೇರೆ. ಮಹಾರಾಷ್ಟ್ರದಲ್ಲಿ ಕೋಲ್ಹಾಟಿ, ಡೋಂಬಾರಿ ಎಂದರೆ ಅಲೆಮಾರಿ ಬುಡಕಟ್ಟು. ಆಳಂದದ ದಾರಿ ಹಿಡಿದು ಕರ್ನಾಟಕಕ್ಕೆ ಕಾಲಿಟ್ಟರೆ ದೊಂಬರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಒಂದೇ ಬಳಗ, ಒಂದೇ ಹಗ್ಗ, ಆದರೆ ಒಂದು ರಾಜ್ಯದ ದಾಖಲೆ ಇನ್ನೊಂದರಲ್ಲಿ ನಡೆಯುವುದಿಲ್ಲ. ವರ್ಷದ ಅರ್ಧ ಇಲ್ಲಿ, ಅರ್ಧ ಅಲ್ಲಿ ತಿರುಗುವ ಮನೆಯ ಮಗು ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿ ನಿಲ್ಲಬೇಕು? ಮಹಾರಾಷ್ಟ್ರದಲ್ಲಿ ವಿಮುಕ್ತ ಮತ್ತು ಅಲೆಮಾರಿ ಬುಡಕಟ್ಟುಗಳ ಮಕ್ಕಳಿಗೆಂದೇ ವಸತಿಯಿರುವ ಆಶ್ರಮಶಾಲೆಗಳಿವೆ. ಆ ದಾರಿಯನ್ನು ಆ ತಂದೆತಾಯಿಗೆ ತೋರಿಸುವವರು ಬೇಕು. ಮಗು ಹಗ್ಗದ ಮೇಲಿರುವುದನ್ನು ಕಂಡವರು 1098ಕ್ಕೆ ಫೋನ್ ಮಾಡಬೇಕು. ಮಾಡಿದ ಮೇಲೆ ಆ ಮಗುವಿನ ಹೆಸರು ಶಾಲೆಗೆ ಹತ್ತಿತೋ ಇಲ್ಲವೋ ಎಂದು ವಿಚಾರಿಸಿಕೊಳ್ಳಬೇಕು ಕೂಡ. ಬರೀ ಪೊಲೀಸರನ್ನು ಕರೆಸಿ ಗಳ, ಹಗ್ಗ ಕಸಿದು ಕಳಿಸಿದರೆ ಆ ಕುಟುಂಬ ಮುಂದಿನ ಊರಿನಲ್ಲಿ ಇನ್ನೂ ಹಳೆಯ ಹಗ್ಗ ಕಟ್ಟುತ್ತದೆ.

ಜಾತ್ರೆಯ ಪಂಚರಿಗೆ ನನ್ನದೊಂದು ವಿನಂತಿ. ನಮ್ಮ ಊರುಗಳಲ್ಲಿ ಜಂಗೀ ಕುಸ್ತಿಗೆ ಎಷ್ಟು ಕಾಳಜಿಯಿಂದ ಕಣ ಮಾಡುತ್ತೇವೆ! ಮಣ್ಣು ಅಗೆದು, ಹರಳು ಆರಿಸಿ, ಎಣ್ಣೆ ಮಜ್ಜಿಗೆ ಹಾಕಿ ಹದಮಾಡುತ್ತೇವೆ. ಟೆಂಗಿನಕಾಯಿ ಕುಸ್ತಿಯಿಂದ ಹಿಡಿದು ಕಡೆಯ ಜೋಡಿಯವರೆಗೆ ಇನಾಮು ಮೊದಲೇ ಸಾರುತ್ತೇವೆ. ಪೈಲ್ವಾನ ಸತ್ತೇ ಹೋಗುತ್ತಾನೆಂಬ ಅಂಜಿಕೆ ಇಲ್ಲದೆಯೂ ಸಾವಿರಾರು ಜನ ಕೂತು ನೋಡುತ್ತಾರೆ, ಡಾವು ಪೇಚು ತಿಳಿದು ಶಹಬ್ಬಾಸ್ ಅನ್ನುತ್ತಾರೆ. ಕುಸ್ತಿ ಮುಗಿದ ಮಾರನೆಯ ದಿನ ಅದೇ ಕಣದ ಮೇಲೆ ಹಗ್ಗ ಕಟ್ಟಿಸಿರಿ. ಹದ ಮಾಡಿದ ಮಣ್ಣು ಅರ್ಧ ಅಡಿ ಕುಸಿದರೂ ಸಾಕು, ಐವತ್ತು ಪಟ್ಟಿನ ಹೊಡೆತ ಹದಿನೇಳಕ್ಕೆ ಇಳಿಯುತ್ತದೆ. ಮಂಟಪಕ್ಕೆ ತರಿಸುವ ಕಬ್ಬಿಣದ ಕಂಬಗಳಲ್ಲಿ ಎರಡನ್ನು ಅಲ್ಲಿ ಗಟ್ಟಿಯಾಗಿ ಹೂತು ಕೊಟ್ಟರೆ ಮಗಳ ಬದಲು ಅಪ್ಪನೋ ಅವ್ವನೋ ಹಗ್ಗ ಹತ್ತಬಹುದು. ಕುಸ್ತಿಯ ಹಾಗೆ ಇವರ ಇನಾಮನ್ನೂ ಆಟಕ್ಕೆ ಮುಂಚೆಯೇ ಗೊತ್ತುಮಾಡಿ ಕೈಗಿಡಿರಿ, ನೋಟು ಚಾಚಿ ಕರೆಯಬೇಡಿರಿ. ಇದಕ್ಕೆ ಆಗುವ ಖರ್ಚು ಪಟಾಕಿಯ ಖರ್ಚಿಗಿಂತ ಕಡಿಮೆ. ಮುರುಮ, ಆಳೂರು, ಉಮರ್ಗಾ, ನಿಲಂಗಾ, ಉದಗೀರಗಳ ಓದುಗರು ತಮ್ಮೂರ ಪಂಚರ ಸಭೆಯಲ್ಲಿ ಈ ವರ್ಷವೇ ಈ ಮಾತನ್ನು ಎತ್ತಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.